ಮಾತಿಗೂ ಬೇಕು ಮದ್ದಿನಷ್ಟೇ ಎಚ್ಚರ

ಬದುಕಿಗೆ ಅರ್ಥವೇನು ಎಂದು ಕೇಳುತ್ತ ಬಂದವರಿಗೆ ಬೇಕಿರುವುದು ಪ್ಲೇಟೊ ಪುಸ್ತಕವೋ, ವೈದ್ಯರ ಚೀಟಿಯೋ? ತತ್ವಜ್ಞಾನವನ್ನೇ ಸಾಧನ ಮಾಡಿಕೊಂಡ ಆಪ್ತಸಮಾಲೋಚನೆ ವೃತ್ತಿಯಾಗಿ ನಾಲ್ಕು ದಶಕ ದಾಟಿತು. ಅದಕ್ಕೆ ಕಟ್ಟುಪಾಡು ಏನು? ಎಡವಿದರೆ ಹೊಣೆ ಯಾರದು? ವಿಶ್ವ ತತ್ವಜ್ಞಾನ ದಿನದ ಹೊತ್ತಿಗೆ ಕೇಳಲೇಬೇಕಾದ ಪ್ರಶ್ನೆಗಳಿವು.

ಅಲೆಕ್ಸಾಂಡ್ರಿಯಾ ನಗರ, ಕ್ರಿಸ್ತಪೂರ್ವ ಮೂರನೇ ಶತಮಾನ. ಹೆಗೆಸಿಯಾಸ್ ಎಂಬ ತತ್ವಜ್ಞಾನಿ ಪಾಠ ಹೇಳುತ್ತಿದ್ದಾನೆ. ಸುತ್ತಲೂ ಕಿವಿಗೊಟ್ಟ ಶಿಷ್ಯರು. ಸುಖವೇ ಬಾಳಿನ ಗುರಿ ಎಂದು ನಂಬಿದ ಪಂಥದವನು ಅವನು. ಆದರೆ ಅವನ ಲೆಕ್ಕಾಚಾರ ಕತ್ತಲ ಕಡೆಗೆ ಹೊರಳಿತ್ತು. ದೇಹಕ್ಕೆ ನೋವು ತಪ್ಪದು, ದೇಹದ ಜೊತೆ ಮನಸ್ಸೂ ನರಳುತ್ತದೆ, ಅದೃಷ್ಟ ಯಾವ ಗಳಿಗೆಯಲ್ಲಾದರೂ ಕೈಕೊಡುತ್ತದೆ. ಹಾಗಾಗಿ ಸುಖ ಯಾರಿಗೂ ದಕ್ಕುವುದಿಲ್ಲ ಎಂಬುದು ಅವನ ತೀರ್ಮಾನ.

ಆ ಮಾತು ಕೇಳಿದವರಲ್ಲಿ ಅನೇಕರು ತಾವಾಗಿಯೇ ಪ್ರಾಣ ಕಳೆದುಕೊಂಡರಂತೆ. ಕೊನೆಗೆ ದೊರೆ ಟಾಲೆಮಿ ಆ ಪಾಠವನ್ನೇ ನಿಷೇಧಿಸಿದ. ಎರಡು ಶತಮಾನಗಳ ನಂತರ ರೋಮಿನ ಸಿಸೆರೊ ಇದನ್ನು ಬರೆದಿಟ್ಟ. ಹೆಗೆಸಿಯಾಸನಿಗೆ ‘ಸಾವಿಗೆ ಒಲಿಸುವವ’ ಎಂಬ ಅಡ್ಡಹೆಸರು ಅಂಟಿಕೊಂಡು ಇಂದಿಗೂ ಉಳಿದಿದೆ.

ಅವನು ಯಾರಿಗೂ ವಿಷ ಉಣಿಸಲಿಲ್ಲ, ಯಾರ ಮೇಲೂ ಕೈಮಾಡಲಿಲ್ಲ. ಬರೀ ಮಾತಾಡಿದ. ನೊಂದ ಮನಸ್ಸಿನ ಮುಂದೆ ಆಡುವ ಮಾತಿಗೆ ಹೊಣೆಗಾರಿಕೆ ಇದೆಯೇ? ಇದ್ದರೆ ಅದನ್ನು ದೊರೆ ಹೇರಬೇಕೆ, ಮಾತಾಡುವವರೇ ಹೊತ್ತುಕೊಳ್ಳಬೇಕೆ? ಈ ಪ್ರಶ್ನೆ ಈಗ ಗ್ರೀಕರ ಕಾಲದ ಕಥೆಯಾಗಿ ಉಳಿದಿಲ್ಲ. ಶುಲ್ಕ ಪಡೆದು, ಬಾಗಿಲು ಹಾಕಿಕೊಂಡು, ಎದುರುಬದುರು ಕೂತು, ಬದುಕಿನ ಗೊಂದಲಗಳನ್ನು ತತ್ವಜ್ಞಾನದ ಬೆಳಕಿನಲ್ಲಿ ಬಿಡಿಸುತ್ತೇವೆ ಎನ್ನುವವರು ಇಂದು ಯುರೋಪ್, ಅಮೆರಿಕದ ಅನೇಕ ನಗರಗಳಲ್ಲಿದ್ದಾರೆ. ನಮ್ಮ ದೇಶದಲ್ಲೂ ಈ ಮಾತು ಕೇಳಿಬರುತ್ತಿದೆ.

ಸಂತೆಯ ಪಕ್ಕದ ಕೋಣೆ

ಈ ವೃತ್ತಿಯ ಬೇರು ಹುಡುಕುವವರು ಕೊರಿಂಥ್ ಪಟ್ಟಣದ ಕಥೆಯೊಂದನ್ನು ಹೇಳುತ್ತಾರೆ. ಪ್ಲುಟಾರ್ಕನ ಹೆಸರಿನಲ್ಲಿ ಉಳಿದುಬಂದ ಗ್ರಂಥವೊಂದರಲ್ಲಿ ಅದು ಸಿಗುತ್ತದೆ. ಆಂಟಿಫನ್ ಎಂಬುವನು ಅಲ್ಲಿನ ಸಂತೆಯ ಪಕ್ಕ ಒಂದು ಕೋಣೆ ಹಿಡಿದ. ‘ನೊಂದವರನ್ನು ಮಾತಿನಿಂದ ಗುಣಪಡಿಸಬಲ್ಲೆ’ ಎಂದು ಬರೆದು ಹಾಕಿದ. ಬಂದವರ ದುಃಖದ ಕಾರಣ ಕೇಳಿ ತಿಳಿದು ಸಮಾಧಾನ ಹೇಳಿದ. ಕೆಲಕಾಲದ ಮೇಲೆ, ಈ ಕಸುಬು ತನ್ನ ಘನತೆಗೆ ತಕ್ಕದ್ದಲ್ಲ ಎನಿಸಿ, ಬಿಟ್ಟು ಭಾಷಣಕಲೆಯ ಕಡೆ ಹೋದ.

ಆಮೇಲೆ ಬಹಳ ಕಾಲ ಆ ಕೋಣೆಗೆ ಬೀಗ. ತತ್ವಜ್ಞಾನ ವಿಶ್ವವಿದ್ಯಾಲಯದ ವಿಷಯವಾಯಿತು. ದುಃಖ ಧರ್ಮಗುರುಗಳ ಪಾಲಿಗೂ, ನಂತರ ವೈದ್ಯರ ಪಾಲಿಗೂ ಹೋಯಿತು.

1981ರಲ್ಲಿ ಜರ್ಮನಿಯ ಗೆರ್ಡ್ ಆಖೆನ್‌ಬಾಖ್ ಎಂಬ ತತ್ವಜ್ಞಾನಿ ಕಲೋನ್ ನಗರದ ಹತ್ತಿರದ ಬರ್ಗಿಶ್ ಗ್ಲಾಡ್‌ಬಾಖ್‌ನಲ್ಲಿ ಮತ್ತೆ ಅಂಥದೊಂದು ಬಾಗಿಲು ತೆರೆದರು. ಅವರಿಗೆ ಅಲ್ಲಿಗೆ ಬರುವವರು ರೋಗಿಗಳಲ್ಲ, ಭೇಟಿಗೆ ಬಂದವರು. ರೋಗದ ಹೆಸರು ಹಚ್ಚುವುದಿಲ್ಲ, ಗುಣಪಡಿಸುತ್ತೇನೆ ಎಂಬ ಭರವಸೆ ಇಲ್ಲ, ಎಲ್ಲರಿಗೂ ಒಂದೇ ಅಚ್ಚಿನ ವಿಧಾನವಿಲ್ಲ. ಬಂದವರ ಪ್ರಶ್ನೆಯ ಜೊತೆಗೆ ಕೂತು ಯೋಚಿಸುವುದಷ್ಟೇ. ಮರುವರ್ಷವೇ ಅವರು ಒಂದು ಸಂಘ ಕಟ್ಟಿದರು. ವೃತ್ತಿಯೊಂದು ಹುಟ್ಟಿತು.

ಅದೇ ಹೊತ್ತಿನಲ್ಲಿ ಅದರ ತೊಡಕೂ ಹುಟ್ಟಿತು. ವಿಧಾನವೇ ಬೇಡ ಎನ್ನುವವರ ಕೆಲಸ ಸರಿಯಾಗಿದೆಯೋ ಇಲ್ಲವೋ ಎಂದು ಅಳೆಯುವುದು ಹೇಗೆ?

---

ಹಾದಿಯ ಕೆಲವು ಗುರುತುಗಳು

1981: ಜರ್ಮನಿಯಲ್ಲಿ ಆಖೆನ್‌ಬಾಖ್ ಅವರ ಮೊದಲ ಸಮಾಲೋಚನಾ ಕೊಠಡಿ.

1992: ಎಲಿಯಟ್ ಕೊಹೆನ್ ಮತ್ತು ಸಂಗಡಿಗರಿಂದ ಅಮೆರಿಕದಲ್ಲಿ ಸಂಘ ಸ್ಥಾಪನೆ. ಅದೇ ವರ್ಷ ಪ್ಯಾರಿಸ್‌ನ ಬಾಸ್ಟೀಲ್ ಚೌಕದ ಕಾಫಿ ಅಂಗಡಿಯಲ್ಲಿ ಮಾರ್ಕ್ ಸೊತೆ ಅವರ ತತ್ವಜ್ಞಾನದ ಹರಟೆ ಕೂಟ ಶುರು.

1994: ಕೆನಡಾದ ವ್ಯಾಂಕೂವರ್‌ನಲ್ಲಿ ಈ ಕ್ಷೇತ್ರದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ. ಸಂಘಟಕರು ರಾನ್ ಲಹಾವ್ ಮತ್ತು ಲೂ ಮರಿನಾಫ್.

1999: ಮರಿನಾಫ್ ಅವರ ‘ಪ್ಲೇಟೊ, ನಾಟ್ ಪ್ರೋಜ್ಯಾಕ್!’ ಪ್ರಕಟಣೆ. ಪ್ರೋಜ್ಯಾಕ್ ಎಂಬುದು ಖಿನ್ನತೆಗೆ ಕೊಡುವ ಮಾತ್ರೆಯ ಹೆಸರು.

2002: ಯುನೆಸ್ಕೊ ವಿಶ್ವ ತತ್ವಜ್ಞಾನ ದಿನದ ಆಚರಣೆ ಆರಂಭಿಸಿತು. ಪ್ರತಿ ನವೆಂಬರ್‌ನ ಮೂರನೇ ಗುರುವಾರ.

---

ಯಾರಿಗೆ ಬೇಕು ಈ ಕೋಣೆ?

ಬೇಕಾದವರು ಇದ್ದಾರೆ, ಖಂಡಿತ ಇದ್ದಾರೆ. ಒಂದು ಉದಾಹರಣೆ ಕಣ್ಣಮುಂದೆ ತಂದುಕೊಳ್ಳಿ.

ಎಪ್ಪತ್ತೆಂಟು ವರ್ಷದ ತಾಯಿ. ಕಾಯಿಲೆ ಕೊನೆಯ ಹಂತದಲ್ಲಿದೆ. ‘ನನಗೆ ವೆಂಟಿಲೇಟರ್ ಹಾಕಬೇಡ್ರಪ್ಪ, ಮನೆಯಲ್ಲೇ ಹೋಗ್ತೀನಿ’ ಎಂದು ಮೂರು ಸಲ ಹೇಳಿದ್ದಾರೆ. ಅಣ್ಣನಿಗೆ ಒಪ್ಪಿಗೆಯಿಲ್ಲ. ಊರಿನವರು ಏನಂದಾರು ಎಂಬ ಚಿಂತೆ ಚಿಕ್ಕಪ್ಪನಿಗೆ. ಸಹಿ ಹಾಕಬೇಕಾದವಳು ಮಗಳು. ‘ಒಪ್ಪಿದರೆ ಅಮ್ಮನ ಮಾತು ಉಳಿಸಿದ ಹಾಗಾ, ಅಮ್ಮನನ್ನೇ ಕೈಬಿಟ್ಟ ಹಾಗಾ?’ ಎಂದು ಅವಳು ರಾತ್ರಿಯಿಡೀ ತನ್ನನ್ನೇ ಕೇಳಿಕೊಳ್ಳುತ್ತಾಳೆ.

ಈ ಹೆಣ್ಣುಮಗಳಿಗೆ ಕಾಯಿಲೆಯಿಲ್ಲ. ಮಾತ್ರೆ ಬೇಡ. ಅವಳಿಗೆ ಬೇಕಾದದ್ದು ಪ್ರೀತಿ, ಕರ್ತವ್ಯ, ಇನ್ನೊಬ್ಬರ ಇಚ್ಛೆಗೆ ಕೊಡುವ ಗೌರವ ಇವುಗಳನ್ನು ಒಂದರಿಂದೊಂದು ಬಿಡಿಸಿ ನೋಡಲು ನೆರವಾಗುವ ಒಂದು ಜೊತೆ. ನೀತಿಶಾಸ್ತ್ರ ಓದಿದವರು ಇಲ್ಲಿ ನಿಜಕ್ಕೂ ಉಪಕಾರಿ. ಇದು ನಮ್ಮ ಮನೆಗಳ ಮಾತೂ ಹೌದು. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು, 2023ರಲ್ಲಿ ಅದರ ವಿಧಿವಿಧಾನ ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಕಾನೂನು ದಾರಿ ತೋರಿಸಿದೆ. ಆ ದಾರಿಯಲ್ಲಿ ನಡೆಯುವ ಮಗಳ ಮನಸ್ಸಿಗೆ ಆಸ್ಪತ್ರೆಯ ಕಾರಿಡಾರಿನಲ್ಲಿ ಒತ್ತಾಸೆಯಾಗುವವರು ವಿರಳ.

ವೃತ್ತಿ ಬದಲಾವಣೆ, ನಿವೃತ್ತಿ, ದಾಂಪತ್ಯದ ಒಡಕು, ನಂಬಿಕೆ ಕುಸಿದುಹೋಗುವುದು, ಆಸ್ತಿ ಹಂಚಿಕೆಯಲ್ಲಿ ನ್ಯಾಯ ಯಾವುದೆಂಬ ಗೊಂದಲ. ಇಂಥವೆಲ್ಲ ಈ ಕೋಣೆಗೆ ಸಲ್ಲುವ ವಿಷಯಗಳು ಎಂದು ಅಮೆರಿಕದ ಸಂಘಗಳು ಪಟ್ಟಿ ಮಾಡಿಕೊಂಡಿವೆ. ಜೊತೆಗೆ ತಮ್ಮ ತಮ್ಮ ನೀತಿಸಂಹಿತೆಗಳನ್ನೂ ಬರೆದುಕೊಂಡಿವೆ: ಹಾನಿ ಮಾಡಬಾರದು; ಬಂದವರ ಸ್ವಂತ ನಿರ್ಧಾರವನ್ನು ಗೌರವಿಸಬೇಕು; ಗುಟ್ಟು ಕಾಯಬೇಕು; ತನ್ನ ಅಳವಿಗೆ ಮೀರಿದ್ದನ್ನು ತಕ್ಕವರ ಬಳಿಗೆ ಕಳಿಸಬೇಕು; ಲೈಂಗಿಕ ಸಂಬಂಧ ಸಲ್ಲದು. ಕಾಗದದ ಮೇಲೆ ಇವೆಲ್ಲ ಸರಿಯೇ. ಕಷ್ಟ ಶುರುವಾಗುವುದು ಕುರ್ಚಿಯಲ್ಲಿ ಕೂತ ಮೇಲೆ.

ಒಂದೇ ಮಾತು, ಎರಡು ಅರ್ಥ

‘ಯಾವುದಕ್ಕೂ ಅರ್ಥ ಇಲ್ಲ ಅನ್ನಿಸ್ತಿದೆ ಸರ್.’

ಐವತ್ತೆರಡು ವರ್ಷದ ಬ್ಯಾಂಕ್ ಅಧಿಕಾರಿಯೊಬ್ಬರು ಹೀಗೆನ್ನುತ್ತಾರೆ ಎಂದುಕೊಳ್ಳಿ. ಎದುರಿಗಿರುವ ತತ್ವಜ್ಞಾನಿಗೆ ಈ ಮಾತು ಕೇಳಿದ ಕೂಡಲೇ ಉತ್ಸಾಹ ಬರುವುದು ಸಹಜ. ಫ್ರೆಂಚ್ ಲೇಖಕ ಕಮೂ ನೆನಪಾಗುತ್ತಾನೆ, ಬುದ್ಧ ನೆನಪಾಗುತ್ತಾನೆ. ಅರ್ಥ ಹೊರಗೆ ಸಿಗುವುದೇ, ನಾವೇ ಕಟ್ಟಿಕೊಳ್ಳುವುದೇ ಎಂಬ ಚರ್ಚೆ ಗಂಟೆಗಟ್ಟಲೆ ನಡೆಯಬಹುದು. ಬಂದವರಿಗೂ ಅದು ಹಿಡಿಸಬಹುದು.

ಆದರೆ ಅದಕ್ಕೂ ಮೊದಲು ಕೇಳಬೇಕಾದ ಸಣ್ಣ ಪ್ರಶ್ನೆಗಳಿವೆ. ನಿದ್ದೆ ಹೇಗೆ ಬರ್ತಿದೆ? ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತಾ? ಊಟ ಸೇರುತ್ತಾ? ಮೊದಲು ಇಷ್ಟವಾಗಿದ್ದ ಹಾಡು, ಕ್ರಿಕೆಟ್, ಮೊಮ್ಮಗುವಿನ ಆಟ, ಯಾವುದಾದರೂ ಈಗಲೂ ಖುಷಿ ಕೊಡುತ್ತಾ? ಎಷ್ಟು ದಿನದಿಂದ ಹೀಗೆ? ಸಾಯಬೇಕು ಅನ್ನಿಸುತ್ತಾ? ಹೇಗೆ ಅಂತ ಯೋಚಿಸಿದ್ದೀರಾ?

ಕುಗ್ಗಿದ ಮನಸ್ಸು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ–ಹಸಿವು ಕೆಡುವುದು ಇವು ಎರಡು ವಾರಕ್ಕೂ ಮೀರಿ ದಿನವಿಡೀ ಕಾಡುತ್ತಿದ್ದರೆ ಮನೋವೈದ್ಯರು ಖಿನ್ನತೆಯನ್ನು ಶಂಕಿಸುತ್ತಾರೆ. ಕೆಲವೊಮ್ಮೆ ಥೈರಾಯ್ಡ್ ಗ್ರಂಥಿಯ ಮಂದಗತಿ, ಬಿ12 ಜೀವಸತ್ವದ ಕೊರತೆ ಕೂಡ ಇದೇ ವೇಷದಲ್ಲಿ ಬರುತ್ತವೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗಬಹುದಾದದ್ದನ್ನು ಆರು ತಿಂಗಳು ಅಸ್ತಿತ್ವವಾದದ ಚರ್ಚೆಯಲ್ಲಿ ಕಳೆಯುವುದು ತತ್ವಜ್ಞಾನದ ಸೇವೆಯಲ್ಲ, ಆ ಮನುಷ್ಯನಿಗೆ ಮಾಡುವ ಅನ್ಯಾಯ.

ಸಾವಿನ ಬಗ್ಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಅನೇಕರಲ್ಲಿದೆ. ಅದು ತಪ್ಪು ನಂಬಿಕೆ. ನೇರವಾಗಿ, ಮೃದುವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ ಎಂದು ಈ ಕುರಿತ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಎಷ್ಟೋ ಮಂದಿಗೆ, ಯಾರಾದರೂ ಕೇಳಿದರಲ್ಲ ಎಂಬುದೇ ನಿರಾಳ.

ಖಿನ್ನತೆ ಇರುವವರ ಪ್ರಶ್ನೆ ತತ್ವಜ್ಞಾನದ್ದಲ್ಲ ಎಂದು ನಾನು ಹೇಳುತ್ತಿಲ್ಲ. ಕಾಯಿಲೆಯೂ ಪ್ರಶ್ನೆಯೂ ಒಂದೇ ಎದೆಯಲ್ಲಿ ಇರಬಹುದು. ಚಿಕಿತ್ಸೆ ನಡೆಯುತ್ತಿರುವಾಗಲೇ, ವೈದ್ಯರಿಗೆ ತಿಳಿಸಿ, ಆ ಪ್ರಶ್ನೆಯ ಜೊತೆಗೂ ಕೂರಬಹುದು. ಆದರೆ ಕಾಯಿಲೆಯನ್ನು ಗುರುತಿಸಲು ಕಲಿಯದವರು ಆ ಕುರ್ಚಿಯಲ್ಲಿ ಕೂರಬಾರದು. ಚಿಕಿತ್ಸೆ ಕೊಡುವಷ್ಟಲ್ಲ, ‘ಇದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ’ ಎಂದು ಹೊತ್ತಿಗೆ ಸರಿಯಾಗಿ ಹೇಳುವಷ್ಟಾದರೂ ಕಲಿತಿರಬೇಕು.

ಕಿಸಾಗೋತಮಿಗೆ ದಾರಿ ತೋರಿದವನು

ಕಿಸಾಗೋತಮಿಯ ಕಥೆ ನಮಗೆಲ್ಲ ಗೊತ್ತು. ಸತ್ತ ಮಗುವನ್ನು ಸೊಂಟದಲ್ಲಿ ಹೊತ್ತು ಔಷಧಿ ಕೇಳುತ್ತ ಮನೆಮನೆ ಅಲೆದವಳಿಗೆ ಬುದ್ಧ, ಸಾವು ಕಾಣದ ಮನೆಯಿಂದ ಸಾಸಿವೆ ತಾ ಎಂದ. ಬುದ್ಧ ಅವಳಿಗೆ ಉಪದೇಶ ಮಾಡಲಿಲ್ಲ, ಅವಳೇ ಕಂಡುಕೊಳ್ಳುವಂತೆ ಮಾಡಿದ ಎಂದು ಸಮಾಲೋಚನೆಯ ತರಗತಿಗಳಲ್ಲಿ ಹೇಳುವುದುಂಟು. ಸರಿಯಾದ ಮಾತೇ.

ನನ್ನ ಗಮನವೆಲ್ಲ ಆ ಕಥೆಯ ಇನ್ನೊಬ್ಬನ ಮೇಲೆ. ಧಮ್ಮಪದದ ಅಟ್ಠಕಥೆಯಲ್ಲಿ ಅವನಿಗೆ ಹೆಸರಿಲ್ಲ. ಹಾದಿಯಲ್ಲಿ ಅವಳನ್ನು ಕಂಡವನು. ಉಳಿದವರು ‘ಹುಚ್ಚಿ’ ಎಂದು ದೂರ ಸರಿದಾಗ ಇವನು ಮಾತ್ರ ಅವಳ ಸ್ಥಿತಿ ಏನೆಂದು ತಿಳಿದುಕೊಂಡ. ತನಗೆ ಆ ಔಷಧಿ ಗೊತ್ತಿಲ್ಲವೆಂದೂ ಗೊತ್ತಿರುವವರನ್ನು ತಾನು ಬಲ್ಲೆನೆಂದೂ ಹೇಳಿ ಬುದ್ಧನ ಬಳಿಗೆ ಕಳಿಸಿದ.

ಸಮಾಲೋಚನೆಯ ನೀತಿಯಲ್ಲಿ ಅತ್ಯಂತ ಕಷ್ಟದ ಪಾಠವನ್ನು ಅವನು ಎರಡು ಮಾತಿನಲ್ಲಿ ಮುಗಿಸಿದ. ಅವಳನ್ನು ಅವನು ನಗೆಪಾಟಲು ಮಾಡಲಿಲ್ಲ. ತಿಳಿಯದ್ದನ್ನು ತಿಳಿದಂತೆ ನಟಿಸಲಿಲ್ಲ. ಬರಿಗೈಲಿ ಅಟ್ಟಲೂ ಇಲ್ಲ. ಎಲ್ಲಿ ಹೋಗಬೇಕೆಂದು ಹೇಳಿ ಕಳಿಸಿದ. ಊರಿನ ಮನೋವೈದ್ಯರ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ, ಮಹಿಳಾ ಸಹಾಯವಾಣಿಯ, ಕಾನೂನು ನೆರವಿನವರ ವಿವರ ಕೈಯಲ್ಲಿರದೆ ಸಮಾಲೋಚನೆಗೆ ಕೂರುವ ತತ್ವಜ್ಞಾನಿ ಆ ಹೆಸರಿಲ್ಲದವನಿಂದ ಕಲಿಯಬೇಕಾದದ್ದು ಬಹಳಷ್ಟಿದೆ.

ಎಪಿಕ್ಟೆಟಸ್ ಮತ್ತು ಏಟು ತಿಂದ ಹೆಂಡತಿ

ಹಾನಿಯಾಗುವುದಕ್ಕೆ ಹೆಗೆಸಿಯಾಸನಂಥ ಕರಾಳ ಮಾತೇ ಬೇಕಿಲ್ಲ. ಒಳ್ಳೆಯ ತತ್ವವೂ ತಪ್ಪು ಜಾಗದಲ್ಲಿ ಕೆಡುಕು ಮಾಡುತ್ತದೆ.

ಗುಲಾಮನಾಗಿ ಹುಟ್ಟಿ ತತ್ವಜ್ಞಾನಿಯಾದ ಎಪಿಕ್ಟೆಟಸನ ಮಾತು ಇಂದು ಜಗತ್ತಿನಲ್ಲೆಲ್ಲ ಜನಪ್ರಿಯ: ಯಾವುದು ನಮ್ಮ ಹಿಡಿತದಲ್ಲಿದೆ, ಯಾವುದು ಇಲ್ಲ ಎಂದು ಮೊದಲು ಬೇರ್ಪಡಿಸಿಕೊ. ಘಟನೆಗಿಂತ ಅದರ ಬಗೆಗಿನ ನಮ್ಮ ಎಣಿಕೆಯೇ ನಮ್ಮನ್ನು ಕಾಡುತ್ತದೆ ಎಂಬ ಅವನ ವಿಚಾರವನ್ನು ಆಧಾರ ಮಾಡಿಕೊಂಡೇ ಆಲ್ಬರ್ಟ್ ಎಲಿಸ್ 1950ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಹೊಸ ಮನೋಚಿಕಿತ್ಸೆಯೊಂದನ್ನು ಕಟ್ಟಿದರು. ಇಂದಿನ ಅರಿವಿನ ವರ್ತನಾ ಚಿಕಿತ್ಸೆಯ ಮೂಲದಲ್ಲೂ ಎಪಿಕ್ಟೆಟಸ್ ಸೇರಿದ್ದ ಸ್ಟೋಯಿಕ್ ಪಂಥದ ಈ ವಿಚಾರವಿದೆ. ಪರೀಕ್ಷೆಯ ಭಯಕ್ಕೆ, ಕಚೇರಿಯ ಕಿರಿಕಿರಿಗೆ, ಕೆಲಸ ಕಳೆದುಕೊಂಡ ಆಘಾತಕ್ಕೆ ಇದು ನಿಜವಾಗಿ ನೆರವಾಗುತ್ತದೆ.

ಈಗ ಇದೇ ಮಾತನ್ನು ಮನೆಯಲ್ಲಿ ದಿನಾ ಏಟು ತಿನ್ನುವ ಹೆಂಗಸಿಗೆ ಹೇಳಿ ನೋಡಿ. ‘ಗಂಡನ ಕೈ ನಿಮ್ಮ ಹಿಡಿತದಲ್ಲಿಲ್ಲ, ನಿಮ್ಮ ಮನಸ್ಸು ಮಾತ್ರ ಇದೆ ಅಮ್ಮ.’ ಅವಳನ್ನು ಅದೇ ಅಡುಗೆಮನೆಗೆ ವಾಪಸು ಕಳಿಸಿದಂತಾಯಿತು. ಅವಳಿಗೆ ಬೇಕಾದದ್ದು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, ಸಂರಕ್ಷಣಾಧಿಕಾರಿ, 181 ಸಹಾಯವಾಣಿ, ರಾತ್ರಿ ಉಳಿಯಲು ಒಂದು ಸುರಕ್ಷಿತ ಜಾಗ. ಸಹನೆಯ ತತ್ವ ಆಮೇಲಿನ ಮಾತು. ಬೇಡವೇ ಬೇಡ ಎಂದರೂ ಸರಿ.

ನಮ್ಮಲ್ಲಿ ಇದೇ ಕೆಲಸವನ್ನು ಕರ್ಮದ ಮಾತು ಮಾಡುತ್ತದೆ. ‘ಪ್ರಾರಬ್ಧ ಕಣಮ್ಮ, ಅನುಭವಿಸಿ ತೀರಿಸಬೇಕು’ ಎಂಬುದನ್ನು ಎಷ್ಟು ಮಂದಿ ಹೆಣ್ಣುಮಕ್ಕಳು ಎಷ್ಟು ಮಂದಿ ಹಿರಿಯರ ಬಾಯಲ್ಲಿ ಕೇಳಿಲ್ಲ! ಜಾತಿಯ ಕಾರಣಕ್ಕೆ ಅವಮಾನ ಉಂಡವನಿಗೆ ಸಮಚಿತ್ತದ ಪಾಠ ಹೇಳುವುದೂ ಇದೇ ಸಾಲಿಗೆ ಸೇರುತ್ತದೆ. ದುಃಖದ ಕಾರಣ ಹೊರಗಿದ್ದಾಗ ಅದನ್ನು ಒಳಗೆ ಹುಡುಕಲು ಹಚ್ಚುವುದು ವೃತ್ತಿಯ ತಪ್ಪು, ನೀತಿಯ ತಪ್ಪೂ ಹೌದು. ನೀತಿಸಂಹಿತೆಗಳಲ್ಲಿ ಇರುವ ‘ಹಾನಿ ಮಾಡಬಾರದು’ ಎಂಬ ಒಂದು ಸಾಲಿನೊಳಗೆ ಇದೂ ಬರುತ್ತದೆ ಎಂದು ಬಿಡಿಸಿ ಬರೆಯುವುದು ಅಗತ್ಯ.

ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದದ್ದು. ತತ್ವಜ್ಞಾನಿಗೆ ತನ್ನದೇ ಒಂದು ದರ್ಶನ ಇರುತ್ತದೆ. ಅದ್ವೈತಿಯೋ, ನಾಸ್ತಿಕನೋ, ಮಾರ್ಕ್ಸ್‌ವಾದಿಯೋ ಆಗಿರುತ್ತಾನೆ. ವಾದದಲ್ಲಿ ಪಳಗಿದವನು, ಎದುರಿಗಿರುವವರು ಸೋತು ಬಂದವರು. ವಿಚಾರಸಂಕಿರಣದಲ್ಲಿ ಎದುರಾಳಿಯನ್ನು ಮಣಿಸುವ ಜಾಣ್ಮೆಯನ್ನು ಇಲ್ಲಿ ಬಳಸಿದರೆ ಅದು ಬಲಪ್ರಯೋಗವಾಗುತ್ತದೆ. ಬಂದವರು ಆಸ್ತಿಕರಾಗಿ ಬಂದು ಆಸ್ತಿಕರಾಗಿಯೇ, ಆದರೆ ತಿಳಿಯಾದ ಮನಸ್ಸಿನಿಂದ ಹೊರಟರೆ ಅದು ಯಶಸ್ಸು. ಸಮಾಲೋಚಕರ ಶಿಷ್ಯರಾಗಿ ಹೊರಟರೆ ಅನುಮಾನಪಡಬೇಕು.

---

ಎದುರು ಕೂರುವ ಮುನ್ನ ಕೇಳಿ

ನಿಮ್ಮ ಓದು ಯಾವುದರಲ್ಲಿ? ಸಮಾಲೋಚನೆಯ ತರಬೇತಿ ಯಾರ ಮೇಲ್ವಿಚಾರಣೆಯಲ್ಲಿ, ಎಷ್ಟು ಕಾಲ ಆಯಿತು?

ಯಾವ ಸಮಸ್ಯೆಗಳನ್ನು ನೀವು ಕೈಗೆತ್ತಿಕೊಳ್ಳುವುದಿಲ್ಲ?

ನಾನು ಹೇಳಿದ್ದನ್ನು ಯಾವ ಸಂದರ್ಭದಲ್ಲಿ ಬೇರೆಯವರಿಗೆ ತಿಳಿಸುತ್ತೀರಿ? ಟಿಪ್ಪಣಿ ಎಲ್ಲಿಡುತ್ತೀರಿ?

ಶುಲ್ಕ ಎಷ್ಟು? ಸುಮಾರು ಎಷ್ಟು ಭೇಟಿ ಬೇಕಾಗಬಹುದು?

ಕೂಡಲೇ ಎದ್ದುಬರಬೇಕಾದ ಸಂದರ್ಭ: ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಎಂದರೆ, ಮನೆಯವರಿಗೆ, ವೈದ್ಯರಿಗೆ ಹೇಳಬೇಡಿ ಎಂದರೆ, ನೂರಕ್ಕೆ ನೂರು ಗುಣ ಎಂದು ಭರವಸೆ ಕೊಟ್ಟರೆ, ಸಲುಗೆ ಮಿತಿ ಮೀರಿದರೆ.

---

ಗುಟ್ಟಿಗೂ ಒಂದು ಗಡಿ

‘ಇಲ್ಲಿ ಆಡಿದ ಮಾತು ಇಲ್ಲೇ ಉಳಿಯುತ್ತದೆ.’ ಸಮಾಲೋಚಕರು ಮೊದಲು ಕೊಡುವ ಭರವಸೆ ಇದು. ಎಷ್ಟರಮಟ್ಟಿಗೆ ಉಳಿಯುತ್ತದೆ?

1969ರ ಬೇಸಿಗೆ. ಕ್ಯಾಲಿಫೋರ್ನಿಯಾದ ಬರ್ಕ್‌ಲಿ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ ಭಾರತದಿಂದ ಹೋಗಿದ್ದ ವಿದ್ಯಾರ್ಥಿಯೊಬ್ಬ ಮನಶ್ಶಾಸ್ತ್ರಜ್ಞರ ಮುಂದೆ ಕೂತಿದ್ದ. ತನ್ನನ್ನು ನಿರಾಕರಿಸಿದ ಯುವತಿಯೊಬ್ಬಳನ್ನು ಕೊಲ್ಲುವ ಯೋಚನೆ ಅವನ ಮಾತಿನಲ್ಲಿ ಹೊರಬಂತು. ಮನಶ್ಶಾಸ್ತ್ರಜ್ಞರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ಅವನನ್ನು ವಿಚಾರಿಸಿ ಬಿಟ್ಟುಬಿಟ್ಟರು. ಆ ಯುವತಿಗಾಗಲಿ, ಅವಳ ಮನೆಯವರಿಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಅಕ್ಟೋಬರ್ 27ರಂದು ಅವನು ಅವಳನ್ನು ಕೊಂದ.

ತಂದೆತಾಯಿ ನ್ಯಾಯಾಲಯಕ್ಕೆ ಹೋದರು. ತರಸಾಫ್ ಪ್ರಕರಣ ಎಂದೇ ಹೆಸರಾದ ಆ ಮೊಕದ್ದಮೆಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1976ರಲ್ಲಿ ಕೊಟ್ಟ ತೀರ್ಪು ಜಗತ್ತಿನ ಸಮಾಲೋಚಕರೆಲ್ಲ ಓದುವ ಪಾಠವಾಗಿದೆ. ಇನ್ನೊಬ್ಬರ ಜೀವಕ್ಕೆ ಗಂಭೀರ ಅಪಾಯ ಇದೆಯೆಂದು ಕಂಡಾಗ ಆ ವ್ಯಕ್ತಿಯನ್ನು ಕಾಪಾಡಲು ಕ್ರಮ ತೆಗೆದುಕೊಳ್ಳುವ ಹೊಣೆ ಚಿಕಿತ್ಸಕರಿಗಿದೆ; ಗುಟ್ಟಿನ ರಕ್ಷಣೆ ಅಲ್ಲಿಗೆ ನಿಲ್ಲುತ್ತದೆ ಎಂಬುದು ಅದರ ಸಾರ.

ಆ ಕುರ್ಚಿಯಲ್ಲಿ ತತ್ವಜ್ಞಾನಿ ಇದ್ದಿದ್ದರೆ? ಕಾನೂನಿನ ಮಾತು ಬಿಡಿ, ಆ ಯುವತಿಯ ಜೀವಕ್ಕೆ ಬೆಲೆ ಒಂದೇ. ಪರವಾನಗಿ ಇಲ್ಲ ಎಂಬುದು ತಪ್ಪಿಸಿಕೊಳ್ಳುವ ದಾರಿಯಾಗಬಾರದು.

ಇದಕ್ಕೆ ಇನ್ನೊಂದು ಮುಖವೂ ಇದೆ. 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜ್ಯಾಫಿ ಪ್ರಕರಣದಲ್ಲಿ, ಮನೋಚಿಕಿತ್ಸಕರ ಮುಂದೆ ಆಡಿದ ಮಾತನ್ನು ಫೆಡರಲ್ ನ್ಯಾಯಾಲಯದಲ್ಲಿ ಬಲವಂತವಾಗಿ ಹೊರತೆಗೆಯುವಂತಿಲ್ಲ ಎಂದಿತು. ಪರವಾನಗಿ ಪಡೆದ ಸಮಾಜಕಾರ್ಯಕರ್ತರಿಗೂ ಆ ರಕ್ಷಣೆ ಸಿಕ್ಕಿತು. ಪರವಾನಗಿಯೇ ಇಲ್ಲದ ತತ್ವಜ್ಞಾನಿ ಆ ಆವರಣದ ಹೊರಗೆ ಉಳಿಯುತ್ತಾನೆ. ವಿಚ್ಛೇದನದ ದಾವೆಯಲ್ಲಿ ಅವನನ್ನು ಸಾಕ್ಷಿಗೆ ಕರೆದರೆ, ‘ಇಲ್ಲೇ ಉಳಿಯುತ್ತದೆ’ ಎಂದು ಕೊಟ್ಟ ಮಾತು ನಿಲ್ಲುವುದು ಕಷ್ಟ. ಹಾಗಾಗಿ ಉಳಿಸಿಕೊಳ್ಳಲಾಗದ ಭರವಸೆಯನ್ನು ಕೊಡಬಾರದು. ಮೊದಲ ದಿನವೇ, ಮೊದಲ ಐದು ನಿಮಿಷದಲ್ಲೇ, ಗುಟ್ಟಿನ ಗಡಿ ಎಲ್ಲಿದೆಯೆಂದು ಹೇಳಿ, ಸಾಧ್ಯವಾದರೆ ಬರೆದುಕೊಟ್ಟು, ಒಪ್ಪಿಗೆ ಪಡೆಯಬೇಕು.

ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಇತರರನ್ನು ಹಾನಿಯಿಂದ ಕಾಪಾಡಲು, ಜೀವಕ್ಕೆ ಅಪಾಯ ಬಂದಾಗ, ನ್ಯಾಯಾಲಯ ಕೇಳಿದಾಗ ಮುಂತಾದ ವಿನಾಯಿತಿಗಳನ್ನೂ ಪಟ್ಟಿ ಮಾಡಿದೆ. ತತ್ವಜ್ಞಾನಿಗಳ ಸಂಘವೊಂದು ನಾಳೆ ನಮ್ಮಲ್ಲಿ ನಿಯಮ ಬರೆಯಲು ಕೂತರೆ ಈ ಸೆಕ್ಷನ್ ಒಳ್ಳೆಯ ಮಾದರಿ.

ಮೂರು ದಿನ ಸಾಕೇ?

ಅಮೆರಿಕದಲ್ಲಿ ಜಗಳ ಬೀದಿಗೆ ಬಂದದ್ದು ಮರಿನಾಫ್ ಅವರಿಂದ. ನ್ಯೂಯಾರ್ಕ್‌ನ ಸಿಟಿ ಕಾಲೇಜಿನಲ್ಲಿ ತತ್ವಜ್ಞಾನ ಪ್ರಾಧ್ಯಾಪಕರಾಗಿದ್ದ ಅವರು ಕ್ಯಾಂಪಸ್‌ನಲ್ಲೇ ಸಮಾಲೋಚನೆ ನಡೆಸುತ್ತಿದ್ದರು. ತೀವ್ರ ಮಾನಸಿಕ ಸಂಕಟದಲ್ಲಿರುವವರು ಬಂದರೆ ಗತಿಯೇನು, ಹೊಣೆ ಯಾರದು ಎಂಬ ಆತಂಕದಿಂದ ಕಾಲೇಜು ಅದನ್ನು ನಿಲ್ಲಿಸಿತು. ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಅವರು ಮೊಕದ್ದಮೆ ಹೂಡಿದರು. ಇನ್ನೊಂದು ಕಡೆ, ತಾವು 1999ರಲ್ಲಿ ಕಟ್ಟಿದ ಸಂಘದಿಂದ ಸಮಾಲೋಚಕರಿಗೆ ಪ್ರಮಾಣಪತ್ರ ಕೊಡಲಾರಂಭಿಸಿದರು. ತತ್ವಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಇದ್ದವರಿಗೆ ಮೂರು ದಿನಗಳ ತರಬೇತಿ.

ಪ್ಲೇಟೊ ಓದಲು ವರ್ಷಗಟ್ಟಲೆ ಬೇಕು, ಸಾಯಬೇಕೆಂದುಕೊಂಡವರ ಮುಖ ಓದಲು ಮೂರು ದಿನ ಸಾಕೆಂಬುದನ್ನು ಒಪ್ಪುವುದು ಕಷ್ಟ. ಎಲಿಯಟ್ ಕೊಹೆನ್ ಅವರ ಗುಂಪು ಮನೋಚಿಕಿತ್ಸೆಯ ಜೊತೆಗೆ ಹೆಚ್ಚು ಸ್ನೇಹದ ಹಾದಿ ಹಿಡಿಯಿತು. ಜರ್ಮನಿಯಲ್ಲಿ 1999ರಿಂದ ಜಾರಿಗೆ ಬಂದ ಕಾನೂನು ‘ಮನೋಚಿಕಿತ್ಸಕ’ ಎಂಬ ಹೆಸರನ್ನು ಕಾಯ್ದಿರಿಸಿದೆ. ತತ್ವಜ್ಞಾನಿಗಳು ಅದನ್ನು ಬಳಸುವಂತಿಲ್ಲ. ಇಟಲಿಯಲ್ಲಿ ನೋಂದಣಿಯಿಲ್ಲದ ವೃತ್ತಿಗಳಿಗಾಗಿಯೇ 2013ರಲ್ಲಿ ಕಾನೂನು ಬಂತು. ಒಂದೊಂದು ದೇಶದ್ದು ಒಂದೊಂದು ದಾರಿ.

ತತ್ವಜ್ಞಾನಕ್ಕೆ ಪರವಾನಗಿ ಏಕೆ, ಸಾಕ್ರಟಿಸನ ಬಳಿ ಪ್ರಮಾಣಪತ್ರ ಇತ್ತೇ ಎಂದು ಕೇಳುವವರಿದ್ದಾರೆ. ಸಾಕ್ರಟಿಸ್ ಬಯಲಿನಲ್ಲಿ ಮಾತಾಡಿದ, ಹಣ ಮುಟ್ಟಲಿಲ್ಲ, ಗುಣಪಡಿಸುವ ಮಾತು ಕೊಡಲಿಲ್ಲ. ಬಾಗಿಲು ಮುಚ್ಚಿ, ಶುಲ್ಕ ಪಡೆದು, ನೊಂದವರನ್ನು ಕೂರಿಸಿಕೊಂಡ ಮೇಲೆ ಆ ಹೋಲಿಕೆ ನಡೆಯುವುದಿಲ್ಲ.

ನಮ್ಮ ಅಂಗಳದಲ್ಲಿ

ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಮನೋವೈದ್ಯರಿಗೆ ವೈದ್ಯಕೀಯ ಮಂಡಳಿಯ ನೋಂದಣಿ ಇದೆ. 2021ರಲ್ಲಿ ಬಂದ ಪೂರಕ ಆರೋಗ್ಯ ವೃತ್ತಿಗಳ ಕಾಯ್ದೆ ಇನ್ನೂ ಹಲವು ಬಗೆಯ ಸಮಾಲೋಚಕರನ್ನು ತನ್ನ ಪಟ್ಟಿಗೆ ತಂದಿದೆ. ತತ್ವಜ್ಞಾನಿ ಈ ಯಾವ ಚೌಕಟ್ಟಿನಲ್ಲೂ ಇಲ್ಲ. ‘ಜೀವನ ಮಾರ್ಗದರ್ಶಕ’, ‘ಲೈಫ್ ಕೋಚ್’ ಎಂದು ಬೋರ್ಡ್ ಹಾಕಿಕೊಂಡವರೂ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ 70ರಿಂದ 92. ಅಂದರೆ ಹತ್ತರಲ್ಲಿ ಏಳು ಮಂದಿ, ಕೆಲವು ಕಾಯಿಲೆಗಳಲ್ಲಿ ಒಂಬತ್ತು ಮಂದಿ, ಚಿಕಿತ್ಸೆಯ ಬಾಗಿಲನ್ನೇ ತಲುಪಿಲ್ಲ. ಇಷ್ಟು ದೊಡ್ಡ ಬಾಯಾರಿಕೆ ಇರುವಲ್ಲಿ ಯಾರು ನೀರೆಂದು ಏನು ಕೊಟ್ಟರೂ ಜನ ಕುಡಿಯುತ್ತಾರೆ. ಕಟ್ಟುಪಾಡು ಬೇಕಾಗಿರುವುದು ಇದೇ ಕಾರಣಕ್ಕೆ.

---

ತುರ್ತು ಇದ್ದರೆ ಕಾಯಬೇಡಿ

ಟೆಲಿ ಮಾನಸ್: 14416. ದಿನದ 24 ಗಂಟೆಯೂ, ಉಚಿತ. ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಸೇವೆಗೆ ನಿಮ್ಹಾನ್ಸ್ ಕೇಂದ್ರಸ್ಥಾನ.

ಮಹಿಳಾ ಸಹಾಯವಾಣಿ: 181. ಪೊಲೀಸ್, ಆಂಬುಲೆನ್ಸ್: 112.

---

ಹಾಗೆಂದು ತತ್ವಜ್ಞಾನಿಗಳನ್ನು ಈ ಕೆಲಸದಿಂದ ದೂರ ಇಡಬೇಕೆಂಬ ವಾದ ನನ್ನದಲ್ಲ. ಕೊನೆಯ ದಿನಗಳ ಆರೈಕೆಯ ಕೇಂದ್ರಗಳಲ್ಲಿ, ಕಾಲೇಜುಗಳಲ್ಲಿ, ವೃದ್ಧಾಶ್ರಮಗಳಲ್ಲಿ, ಜೈಲುಗಳಲ್ಲಿ ಅವರಿಗೆ ಮಾಡಲು ಬೇಕಾದಷ್ಟಿದೆ. ಇಂದು ನಮ್ಮಲ್ಲಿ ತತ್ವಶಾಸ್ತ್ರ ಎಂ.ಎ. ಮಾಡಿದ ಹುಡುಗ ಹುಡುಗಿಯರಿಗೆ ಪಾಠ ಹೇಳುವುದು ಬಿಟ್ಟರೆ ಬೇರೆ ದಾರಿ ಕಾಣುತ್ತಿಲ್ಲ. ವಿಭಾಗಗಳು ವಿದ್ಯಾರ್ಥಿಗಳಿಲ್ಲದೆ ಸೊರಗುತ್ತಿವೆ. ಈ ವೃತ್ತಿ ಅವರಿಗೊಂದು ಗೌರವದ ಹಾದಿಯಾಗಬಲ್ಲದು.

ಆದರೆ ಅದು ಸರಿಯಾದ ಕಡೆಯಿಂದ ಶುರುವಾಗಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರವರೆಗೆ ರಾಧಾಕೃಷ್ಣನ್ ತತ್ವಶಾಸ್ತ್ರ ಕಲಿಸಿದ ನಾಡು ಇದು. ಮಾನಸಿಕ ಆರೋಗ್ಯದಲ್ಲಿ ದೇಶಕ್ಕೆ ಹಿರಿಯಣ್ಣನಂತಿರುವ ಸಂಸ್ಥೆಯೂ ಇಲ್ಲೇ ಇದೆ. ನಮ್ಮ ವಿಶ್ವವಿದ್ಯಾಲಯಗಳ ತತ್ವಶಾಸ್ತ್ರ ವಿಭಾಗಗಳು ಮನೋವೈದ್ಯರನ್ನೂ ಮನಶ್ಶಾಸ್ತ್ರಜ್ಞರನ್ನೂ ಕಾನೂನು ತಿಳಿದವರನ್ನೂ ಕರೆದು ಜೊತೆಗೆ ಕೂರಲಿ. ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ಕೆಲಸ ಮಾಡಿದ ಮೇಲೆ ಸ್ವತಂತ್ರವಾಗಿ ಕೂರಬಹುದು, ಯಾರನ್ನು ಎಲ್ಲಿಗೆ ಕಳಿಸಬೇಕು, ಗುಟ್ಟಿನ ಗಡಿ ಎಲ್ಲಿ, ದೂರು ಬಂದರೆ ಕೇಳುವವರು ಯಾರು ಎಂಬುದನ್ನು ಕನ್ನಡದಲ್ಲಿ, ಬಂದವರಿಗೂ ಅರ್ಥವಾಗುವಂತೆ ಬರೆದಿಡಲಿ. ಕೋರ್ಸ್ ಶುರುವಾಗುವುದು, ಪ್ರಮಾಣಪತ್ರ ಅಚ್ಚಾಗುವುದು ಅದಾದ ಮೇಲೆ.